ಜೋಳದ ಸಾಹೇಬರ ಮಳೆ ಪುಸ್ತಕ

ಕೃಷಿ ಇಲಾಖೆಗೆ ಹೊಸದಾಗಿ ಸೇರಿದವರು ನನ್ನನ್ನು ಕಂಡಾಗ ಕೇಳುವುದು ಎರಡೇ ಪ್ರಶ್ನೆ. ಆಗ ನಿಮಗೆ ಮೋಟರ್ ಸೈಕಲ್ ಕೊಡುತ್ತಿದ್ದರೇ, ಮತ್ತು ವರ್ಗಾವಣೆ ತಪ್ಪಿಸಿಕೊಳ್ಳುವುದು ಹೇಗೆ? ಮೊದಲನೆಯದಕ್ಕೆ ಉತ್ತರ, ಇಲ್ಲ. ಎರಡನೆಯದರ ಉತ್ತರ ಗೊತ್ತಿದ್ದಿದ್ದರೆ ನಾನು ಯಲಬುರ್ಗಾ, ಕುಷ್ಟಗಿ, ಗಂಗಾವತಿ, ಕೊಪ್ಪಳ ಈ ನಾಲ್ಕೂ ತಾಲೂಕುಗಳ ನೀರು ಕುಡಿಯುತ್ತಿರಲಿಲ್ಲ. ಮೂರನೆಯ ಪ್ರಶ್ನೆಯೊಂದಿದೆ, ಅದನ್ನು ಯಾರೂ ಕೇಳುವುದಿಲ್ಲ: ಡೈರಿ ಬರೆಯುವುದು ಹೇಗೆ? ಕೇಳದಿದ್ದರೂ ಹೇಳುತ್ತೇನೆ. ನಿವೃತ್ತನಾದವನಿಗೆ ಉಳಿದಿರುವ ಅಧಿಕಾರ ಇದೊಂದೇ.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಹುದ್ದೆಯ ಹೆಸರು ಗ್ರಾಮಸೇವಕ. ಹೆಸರಿನಲ್ಲಿ ಸೇವಕ, ಊರಿನವರ ಬಾಯಲ್ಲಿ ಸಾಹೇಬ, ಬ್ಲಾಕ್ ಆಫೀಸಿನಲ್ಲಿ 'ಏ ಇಲ್ಲಿ ಬಾ'. ಬೇವೂರಿನಲ್ಲಿ ನನ್ನ ಮುಖ್ಯ ಕಚೇರಿ. ಅಂದರೆ ಒಂದು ಬಾಡಿಗೆ ಕೋಣೆ, ಒಂದು ಸೈಕಲ್ಲು, ಗೊಬ್ಬರದ ಚೀಲದ ಮೇಲೆ ಕುಳಿತ ಒಂದು ಕಪಾಟು. ನಮ್ಮ ಕೈಕೆಳಗೆ ಹತ್ತಾರು ಹಳ್ಳಿ. ಬಿತ್ತನೆ ಬೀಜ ಹಂಚುವುದು, ಗೊಬ್ಬರದ ಗುಂಡಿ ತೋಡಿಸುವುದು, ಜೋಳಕ್ಕೆ ಬೀಳುವ ಹುಳಕ್ಕೆ ಔಷಧ ಹೇಳುವುದು ನಮ್ಮ ಕೆಲಸ. ಅದನ್ನೆಲ್ಲ ಮಾಡಿದ್ದೇವೆ ಎಂದು ಡೈರಿ ಬರೆಯುವುದು ಅದಕ್ಕಿಂತ ದೊಡ್ಡ ಕೆಲಸ.

ಡೈರಿ ಎಂದರೆ ದಿನಕ್ಕೊಂದು ಪುಟದ ಪ್ರವಾಸ ದಿನಚರಿ. ಯಾವ ಊರಿಗೆ ಹೋದಿರಿ, ಯಾವ ರೈತರನ್ನು ಕಂಡಿರಿ, ಏನು ಹೇಳಿದಿರಿ, ಹವೆ ಹೇಗಿತ್ತು. ತಿಂಗಳ ಕೊನೆಗೆ ಅದು ಬ್ಲಾಕ್ ಆಫೀಸಿನ ಮುಖ್ಯಸ್ಥರಾದ ಬಿಡಿಓ ಸಾಹೇಬರ ಮೇಜಿಗೆ ಹೋಗಬೇಕು. ಪ್ರತಿದಿನ ಬರೆಯಬೇಕೆಂಬುದು ಸರ್ಕಾರದ ಆಶಯ. ತಿಂಗಳ ಕೊನೆಯ ಎರಡು ದಿನ ಕುಳಿತು ಮೂವತ್ತು ದಿನದ್ದನ್ನು ಬರೆಯುವುದು ನಮ್ಮ ಸಂಪ್ರದಾಯ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಿಂಗಳ ಮೊದಲ ವಾರದಲ್ಲೇ ಬರೆದು ಮುಗಿಸುತ್ತಿದ್ದೆ. ಮುಂದೆ ಆಗುವುದನ್ನು ಮೊದಲೇ ಬರೆಯಬಲ್ಲವನಿಗೆ ಜ್ಯೋತಿಷಿ ಎಂದು ಗೌರವ ಕೊಡುತ್ತಾರೆ. ನನಗೆ ಯಾರೂ ಕೊಡಲಿಲ್ಲ.

ಒಮ್ಮೆ ಮಾತ್ರ ಎಡವಿದೆ. ಕುಷ್ಟಗಿ ಕಡೆಯ ಒಂದು ಹಳ್ಳಿಯಲ್ಲಿ ಇಂಥ ರೈತರ ಗೊಬ್ಬರದ ಗುಂಡಿಯನ್ನು ಪರಿಶೀಲಿಸಿ, ಸೂಕ್ತ ಸಲಹೆ ನೀಡಲಾಯಿತು ಎಂದು ಬರೆದಿದ್ದೆ. ಆ ರೈತರು ತೀರಿಕೊಂಡು ಎಂಟು ತಿಂಗಳಾಗಿತ್ತು. ನಮ್ಮ ಬಿಡಿಓ ಸಾಹೇಬರದು ಮಾತು ಕಡಿಮೆ, ಕೆಂಪು ಪೆನ್ಸಿಲ್ ಜಾಸ್ತಿ. ಅವರು ಆ ಸಾಲಿನ ಪಕ್ಕ ಸಣ್ಣದಾಗಿ ಬರೆದು ಕಳಿಸಿದರು: 'ಸಲಹೆಗೆ ರೈತರ ಪ್ರತಿಕ್ರಿಯೆ ಏನು?'

ಇಂಥ ದಿನಗಳಲ್ಲಿ, ಎಪ್ಪತ್ತರ ದಶಕದ ಒಂದು ಬೇಸಿಗೆಯ ಕೊನೆಗೆ, ಒಂದು ಆದೇಶ ಬಂತು. ಪ್ರತಿ ಗ್ರಾಮಸೇವಕನೂ ಇಪ್ಪತ್ತು ರೈತರನ್ನು ಒಂದು ದಿನದ ಅಧ್ಯಯನ ಪ್ರವಾಸಕ್ಕೆ ಕರೆದೊಯ್ಯಬೇಕು. ಎಲ್ಲಿಗೆ? ಹೊಲದ ಬಂಗಲೆಗೆ.

ಹೊಲದ ಬಂಗಲೆ ಇರುವುದು ಇರಕಲ್ಲಗಡದ ಆಚೆ, ಗುಡ್ಡದ ಬುಡದಲ್ಲಿ. ನಿಜಾಮರ ಕಾಲದಿಂದಲೂ ಅಲ್ಲೊಬ್ಬ ದೊಡ್ಡ ವಿಜ್ಞಾನಿ ಇದ್ದರು. ಕಡಿಮೆ ನೀರಿನಲ್ಲಿ ಜೋಳ ಹೇಗೆ ಬದುಕುತ್ತದೆ ಎಂಬುದನ್ನು ಆಯುಷ್ಯವಿಡೀ ನೋಡಿದವರು. ಪರದೇಶದ ಪುಸ್ತಕಗಳಲ್ಲಿ ಅವರ ಹೆಸರು ಉಂಟು; ನಮ್ಮ ಜನರಿಗೆ ಹೆಸರು ನೆನಪಿಲ್ಲ, ಜೋಳದ ಸಾಹೇಬ ಎಂದರೆ ಗೊತ್ತು. ವರ್ಷದಲ್ಲಿ ಎಂಟು ತಿಂಗಳು ಊರೂರು ವಿಶ್ವವಿದ್ಯಾಲಯ ತಿರುಗಿ, ಮಳೆಗಾಲಕ್ಕೆ ಈ ಕಲ್ಲಿನ ಮನೆಗೆ ಬಂದು ಕೂರುತ್ತಿದ್ದರಂತೆ. ಅವರು ತೀರಿಕೊಂಡು ಆಗ ಕೆಲವು ವರ್ಷವಾಗಿತ್ತು. ಅವರ ಮೇಜು, ತಕ್ಕಡಿ, ಭೂತಗನ್ನಡಿ ಎಲ್ಲ ಇದ್ದ ಹಾಗೇ ಇದ್ದವು.

ರೈತರಿಗೆ ಪುರುಸೊತ್ತು ಇಲ್ಲದ ದಿನವನ್ನೇ ಹುಡುಕಿ ಕಾರ್ಯಕ್ರಮ ಇಡುವುದು ನಮ್ಮ ಇಲಾಖೆಯ ಹಳೆಯ ಪ್ರತಿಭೆ. ಮಿರಗದ ಮಳೆ, ಅಂದರೆ ಮೃಗಶಿರ, ಕೂಡಿ ವಾರವಾಗಿತ್ತು, ಹನಿ ಬಿದ್ದಿರಲಿಲ್ಲ, ಜನ ಬಿತ್ತುವ ಕೂರಿಗೆ ಸಜ್ಜು ಮಾಡಿಕೊಂಡು ಆಕಾಶ ನೋಡುತ್ತ ಕುಳಿತಿದ್ದರು. ಬೇವೂರಿನಲ್ಲಿ ಯಾರನ್ನು ಕರೆದರೂ ಬರಲು ಒಪ್ಪಲಿಲ್ಲ. ಊರಿನಲ್ಲಿ ಅಂದಾನಪ್ಪ ಎಂಬ ಹಿರಿಯರಿದ್ದರು. ಅವರು ಹೂಂ ಅಂದರೆ ಉಳಿದ ಹತ್ತೊಂಬತ್ತು ಜನ ಹೂಂ ಅಂದಂತೆ. ಅವರ ಕಟ್ಟೆಗೆ ಹೋಗಿ ಕುಳಿತೆ.

"ಸತ್ತೋರ ಮನಿ ನೋಡಾಕ ಯಾಕ ಬರೂಣ್ರಿ ಸಾಹೇಬ್ರ?" ಎಂದರು ಅಂದಾನಪ್ಪ. "ಅಲ್ಲೇನು ಮಾತಾಡ್ಸೋರು ಅದಾರೇನು?"

ವಿಜ್ಞಾನದ ಮಹತ್ವ ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚಿದರು. ದೇಶದ ಪ್ರಗತಿ ಹೇಳಿದೆ. ಅವರು ಅಡಕೆ ಒಡೆದರು. ಕೊನೆಗೆ ನನ್ನ ಬಾಯಿಂದ ಆ ಮಾತು ಬಂತು. "ಅದೂ ಒಂದು ಗದ್ದಿಗೀನ ಅಂತ ತಿಳೀರಿ ಅಜ್ಜಾರ. ನಮ್ಮ ಜೋಳಕ್ಕ ಜೀವ ಕೊಟ್ಟ ಪುಣ್ಯಾತ್ಮರ ಜಾಗಾ. ಅಲ್ಲಿ ಹೋಗಿ ಬಂದ್ರ ಮಳಿ ಬೆಳಿ ಎಲ್ಲಾ ಛಲೋ ಆಕೈತಿ."

ನಮ್ಮ ಸೀಮೆಯಲ್ಲಿ ಮಹಾತ್ಮರ ಸಮಾಧಿಗೆ ಗದ್ದಿಗೆ ಎನ್ನುತ್ತಾರೆ. ಗದ್ದಿಗೆ ಎಂದ ಮೇಲೆ ಅಂದಾನಪ್ಪನವರು ಎಲೆ ಅಡಕೆ ಪಕ್ಕಕ್ಕಿಟ್ಟರು. ಇಪ್ಪತ್ತು ಜನ ಬೇಕಿತ್ತು, ಇಪ್ಪತ್ತಾರು ಜನ ಬಂದರು. ನನ್ನ ವಾಕ್ಚಾತುರ್ಯವನ್ನು ನಾನೇ ಮೆಚ್ಚಿಕೊಂಡೆ. ಅಂದೇ ಸಂಜೆ, ಇನ್ನೂ ಆಗದ ಪ್ರವಾಸದ ಡೈರಿಯನ್ನು ಬರೆದು ಮುಗಿಸಿದೆ: 'ಪ್ರವಾಸ ಯಶಸ್ವಿ. ರೈತರು ಮಳೆ ಮಾಪನದ ಮಹತ್ವವನ್ನು ಮನಗಂಡರು. ಹವೆ: ಒಣ.'

ವಾಹನಕ್ಕೆ ಸಿಕ್ಕಿದ್ದು ಕಾರಟಗಿಯ ಅಕ್ಕಿ ಗಿರಣಿಗೆ ಹೋಗಿ ಬರುತ್ತಿದ್ದ ಒಂದು ಲಾರಿ. ಹಿಂದಿನ ದಿನ ಅದರಲ್ಲಿ ತೌಡು ತುಂಬಿದ್ದರು. ಬೇವೂರು ಬಿಟ್ಟು ನಾಲ್ಕು ಮೈಲಿ ಹೋಗುವಷ್ಟರಲ್ಲಿ ಇಪ್ಪತ್ತಾರು ರೈತರೂ ಒಬ್ಬ ಸರ್ಕಾರಿ ನೌಕರನೂ ಒಂದೇ ಬಣ್ಣಕ್ಕೆ ಬಂದೆವು. ಅಂದಾನಪ್ಪನವರ ತೊಡೆಯ ಮೇಲೆ ಬಾಯಿಗೆ ಬಟ್ಟೆ ಕಟ್ಟಿದ ಒಂದು ತಾಮ್ರದ ತಂಬಿಗೆ ಇತ್ತು. ದಾರಿಗೆ ಕುಡಿಯುವ ನೀರು ಇರಬೇಕೆಂದು ನಾನು ತಿಳಿದೆ. ಆದರೆ ದಾರಿಯಲ್ಲಿ ಅವರು ಬಾಯಾರಿದರೂ ಅದನ್ನು ಮುಟ್ಟಲಿಲ್ಲ. ಕೃಷಿಯಲ್ಲಿ ಕಣ್ಣಿಗೆ ಕಂಡದ್ದನ್ನು ಗಮನಿಸಬೇಕೆಂದು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ.

ಹೊಲದ ಬಂಗಲೆಯನ್ನು ನೋಡಿಕೊಳ್ಳುತ್ತಿದ್ದವಳು ನೀಲವ್ವ. ಸಾಹೇಬರ ಹೊಲದಲ್ಲಿ ಕಳೆ ತೆಗೆಯಲು ಬಂದವಳು, ಅಲ್ಲೇ ಉಳಿದು, ಅವರು ಹೋದ ಮೇಲೂ ಮನೆ ಕಾಯುತ್ತಿದ್ದಳು. ಸುಮಾರು ಐವತ್ತು ದಾಟಿದ ಹೆಂಗಸು. ನಮ್ಮ ತೌಡಿನ ಮೋರೆಗಳನ್ನು ನೋಡಿ, ಮೊದಲು ಕೈಕಾಲು ತೊಳೆಯಿರಿ, ತಕ್ಕಡಿ ಮುಟ್ಟಬೇಡಿ ಎಂದಳು. ಬೇರೆ ಸ್ವಾಗತ ಇರಲಿಲ್ಲ.

ಅಂಗಳದಲ್ಲಿ ತಂತಿ ಬೇಲಿಯ ನಡುವೆ ಸುಣ್ಣ ಬಳಿದ ಒಂದು ಕಟ್ಟೆ, ಅದರಲ್ಲಿ ಅರ್ಧ ಹುಗಿದ ಒಂದು ಕೊಳವೆ, ಮೇಲೆ ಫಳಫಳ ಹೊಳೆಯುವ ಹಿತ್ತಾಳೆಯ ಬಳೆ. ಅದು ಮಳೆಮಾಪಕ. ಬಿದ್ದ ಮಳೆ ಬಳೆಯೊಳಗಿಂದ ಇಳಿದು ಕೆಳಗಿನ ಬಾಟಲಿಯಲ್ಲಿ ನಿಲ್ಲುತ್ತದೆ. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ನೀಲವ್ವ ಅದನ್ನು ಗೆರೆ ಕೊರೆದ ಗಾಜಿನ ಲೋಟಕ್ಕೆ ಬಗ್ಗಿಸಿ, ಕಣ್ಣಿನ ನೇರಕ್ಕೆ ಹಿಡಿದು ನೋಡಿ, ಪುಸ್ತಕದಲ್ಲಿ ಬರೆಯುತ್ತಿದ್ದಳು. ಸಾಹೇಬರು ಇದ್ದಾಗಿನಿಂದ ಒಂದು ದಿನವೂ ತಪ್ಪಿರಲಿಲ್ಲ. ವರ್ಷಕ್ಕೊಮ್ಮೆ ಸಾಹೇಬರ ಹಳೆಯ ವಿಶ್ವವಿದ್ಯಾಲಯದವರು ಬಂದು ನಕಲು ಮಾಡಿಕೊಂಡು ಹೋಗುತ್ತಿದ್ದರು. ತಿಂಗಳಿಗೊಮ್ಮೆ ತಾಲೂಕು ಕಚೇರಿಯವರು.

ಪುಸ್ತಕ ಬಿಡಿಸಿ ತೋರಿಸಿದಳು. ಪುಟಗಟ್ಟಲೆ ಸೊನ್ನೆ. ನಮ್ಮ ಸೀಮೆಯ ಚರಿತ್ರೆಯನ್ನು ಅಷ್ಟು ಚಿಕ್ಕದಾಗಿ ಬರೆದವರು ಮತ್ತೊಬ್ಬರಿಲ್ಲ. ಎಲ್ಲ ಅಂಕಿ, ಒಂದು ಅಕ್ಷರವೂ ಇಲ್ಲ. ಕೇಳಿದರೆ, ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಸಾಹೇಬರು ಅಂಕಿ ಕಲಿಸಿದ್ದರು, ಅಕ್ಷರಕ್ಕೆ ಬರುವಷ್ಟರಲ್ಲಿ ಅವರ ಆಯುಷ್ಯ ಮುಗಿದಿತ್ತು.

ಮಳೆ ಬಾರದ ದಿನವೂ ಹೋಗಿ ನೋಡುತ್ತೀಯಾ ಎಂದು ಕೇಳಿದೆ. ನನ್ನಂಥ ಅನುಭವಿಗೆ ಅದು ವ್ಯರ್ಥ ಶ್ರಮವಾಗಿ ಕಂಡಿತು.

"ಬರ್ಲಿಲ್ಲ ಅನ್ನೂದನ್ನೂ ನೋಡೇ ಬರೀಬೇಕ್ರಿ," ಎಂದಳು. "ಸಾಹೇಬ್ರು ಹಂಗ ಹೇಳಿ ಹೋಗ್ಯಾರ."

ಆ ಮಾತು ನನಗೆ ಸಣ್ಣದಾಗಿ ಚುಚ್ಚಿತು. ಆದರೆ ಭಾಷಣದ ಸಮಯವಾಗಿತ್ತು. ರೈತರನ್ನು ಒಳಗೆ ಕೂಡಿಸಿ, ಸಾಹೇಬರ ಮೇಜಿನ ಪಕ್ಕ ನಿಂತು ಒಂದು ತಾಸು ಮಾತಾಡಿದೆ. ನೀಲವ್ವ ಬಾಗಿಲಲ್ಲಿ ನಿಂತು ತಕ್ಕಡಿಯನ್ನೇ ಕಾಯುತ್ತಿದ್ದಳು. ನಡುವೆ ಅಂದಾನಪ್ಪನವರು ತಂಬಿಗೆ ಹಿಡಿದು ಹೊರಗೆ ಹೋದದ್ದನ್ನು ಕಂಡೆ. ತಂಬಿಗೆ ಹಿಡಿದು ಹೊರಗೆ ಹೋಗುವ ಹಿರಿಯರನ್ನು ಎಲ್ಲಿಗೆ ಎಂದು ಕೇಳುವುದು ಸಭ್ಯತೆಯಲ್ಲ.

ಬುತ್ತಿ ಉಂಡು ಲಾರಿ ಹತ್ತಿದೆವು. ಇರಕಲ್ಲಗಡಕ್ಕೆ ಬರುವಷ್ಟರಲ್ಲಿ ಆಕಾಶ ಕಪ್ಪಾಯಿತು. ವಾರದಿಂದ ಸತಾಯಿಸಿದ ಮಿರಗ ಒಮ್ಮೆಲೇ ಸುರಿಯಿತು. ಲಾರಿ ನಿಲ್ಲಿಸಿ ಊರ ಚಾವಡಿಯಲ್ಲಿ ನಿಂತೆವು. ಮೈಮೇಲಿನ ತೌಡೆಲ್ಲ ಅಂಬಲಿಯಾಗಿ ಇಳಿಯುತ್ತಿತ್ತು, ಜನ ನಗುತ್ತಿದ್ದರು. ಅಂದಾನಪ್ಪನವರು ಟವಲಿನ ಗಂಟು ಬಿಚ್ಚಿ ಎಲ್ಲರಿಗೂ ಒಂದೊಂದು ಕೊಬ್ಬರಿ ಚೂರು ಹಂಚುತ್ತ ನನ್ನ ಬಳಿ ಬಂದರು.

"ತಗೋರಿ, ಪ್ರಸಾದ."

"ಯಾವ ಗುಡೀದ್ರಿ ಅಜ್ಜಾರ?"

"ನೀವ ಕರಕೊಂಡು ಹೋಗಿದ್ದ ಗದ್ದಿಗೀದು. ಬೇಲಿ ಒಳಗ ಐತಲ್ಲ, ಹಿತ್ತಾಳಿ ಬಳಿ ಹಾಕಿದ್ದು. ನಮ್ಮ ಬಾವಿ ನೀರು ಒಯ್ದಿದ್ದೆ. ಎರದು, ಇಬತ್ತಿ ಹಚ್ಚಿ, ಮಳಿ ಕೊಡಪಾ ಅಂದೆ." ಅವರು ಮಳೆಯತ್ತ ಕೈ ತೋರಿಸಿದರು. "ಮಧ್ಯಾನ ಎರದೆ, ಈಗ ಬಂತು. ನೀವು ಹೇಳಿದ್ದು ಸುಳ್ಳಲ್ಲ ಬಿಡ್ರಿ."

ನನ್ನ ಜೀವಮಾನದಲ್ಲಿ ಯಾವ ರೈತನೂ ನನ್ನ ಸಲಹೆಯನ್ನು ಅಷ್ಟು ಪೂರ್ಣವಾಗಿ ಪಾಲಿಸಿರಲಿಲ್ಲ.

ಎಷ್ಟು ನೀರು ಎರೆದಿರಿ, ಒಳಗೆ ಎಷ್ಟು ಹೋಯಿತು, ಕಟ್ಟೆಯ ಮೇಲೆ ಎಷ್ಟು ಬಿತ್ತು ಎಂದು ಕೇಳಿದೆ. ಲೆಕ್ಕ ಸಿಕ್ಕರೆ ಒಟ್ಟಿನಲ್ಲಿ ಅಷ್ಟು ಕಳೆಯಬಹುದೆಂಬ ಆಸೆ.

"ದೇವರಿಗೆ ಎರದದ್ದನ್ನ ಅಳೀತಾರೇನ್ರಿ?" ಎಂದರು ಅಂದಾನಪ್ಪ, ನನ್ನ ಬಗ್ಗೆ ಸ್ವಲ್ಪ ಬೇಸರದಿಂದ.

ಬೇವೂರಿಗೆ ಬಂದು ಕೊಬ್ಬರಿ ಚೂರನ್ನು ಕಪಾಟಿನ ಮೇಲಿಟ್ಟು ಯೋಚಿಸಿದೆ. ಸುಮ್ಮನಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಹಚ್ಚಿದ ವಿಭೂತಿ ಮಳೆಗೆ ತೊಳೆದು ಹೋಗಿರುತ್ತದೆ. ನೀಲವ್ವ ಬೆಳಿಗ್ಗೆ ದೊಡ್ಡದೊಂದು ಅಂಕಿ ಬರೆದು ಖುಷಿಪಡುತ್ತಾಳೆ, ಅಷ್ಟೆ. ನನ್ನ ಡೈರಿಗಳಲ್ಲಿ ಇದಕ್ಕಿಂತ ದೊಡ್ಡ ಸುಳ್ಳುಗಳು ನೆಮ್ಮದಿಯಾಗಿ ಮಲಗಿದ್ದವು. ಆದರೆ ಆ ಸೊನ್ನೆಗಳು ಕಣ್ಣ ಮುಂದಿನಿಂದ ಹೋಗಲೊಲ್ಲವು. ದಿನಾ ಬೆಳಿಗ್ಗೆ ಏನೂ ಇಲ್ಲ ಎಂಬುದನ್ನು ನೋಡಲು ಅಂಗಳ ದಾಟಿ ಹೋದವಳು, ಕೊನೆಗೂ ಏನೋ ಬಂದ ದಿನ ಬರೆಯುವ ಅಂಕಿ ಸುಳ್ಳಾಗಬೇಕೇ? ಅದೂ ನನ್ನ ಒಂದು ಮಾತಿನಿಂದ?

ಮರುದಿನ ನಸುಕಿಗೆ ಸೈಕಲ್ ತೆಗೆದೆ. ಎಂಟೂವರೆಯೊಳಗೆ ಮುಟ್ಟಬೇಕು. ಬೇವೂರಿನ ಕಪ್ಪು ಎರೆ ಮಣ್ಣು ಮಳೆ ಕುಡಿದಾಗ ಹೇಗಿರುತ್ತದೆಂಬುದು ಕಂಡವರಿಗೆ ಗೊತ್ತು. ಫರ್ಲಾಂಗು ಹೋಗುವಷ್ಟರಲ್ಲಿ ಚಕ್ರ ತಿರುಗಲಿಲ್ಲ. ಕಡ್ಡಿಯಿಂದ ಮಣ್ಣು ಕೆರೆದೆ, ಮತ್ತೆ ಮೆತ್ತಿತು. ಕೊನೆಗೆ ಸೈಕಲ್ಲನ್ನು ಹೆಗಲಿಗೆ ಹಾಕಿಕೊಂಡೆ. ಹೊಲದ ಹಸಿ ನೋಡಲು ಹೊರಟಿದ್ದ ಜನ ನಿಂತು ನೋಡಿದರು. ಸರ್ಕಾರಿ ಸೈಕಲ್ಲು ಗ್ರಾಮಸೇವಕನ ಮೇಲೆ ಸವಾರಿ ಮಾಡುತ್ತಿರುವುದು ಅವರಿಗೆ ಹೊಸದೇನೂ ಅನಿಸಲಿಲ್ಲವೆಂದು ಕಾಣುತ್ತದೆ. ಕೆಂಪು ಮಸಾರಿ ಭೂಮಿ ಬಂದ ಮೇಲೆ ಇಳಿಸಿ ತುಳಿದೆ.

ಹೊಲದ ಬಂಗಲೆಯ ಅಂಗಳ ಮುಟ್ಟಿದಾಗ ನೀಲವ್ವ ಬೇಲಿಯೊಳಗೆ ಇದ್ದಳು. ಪಕ್ಕದ ಕಲ್ಲಿನ ಮೇಲೆ ಸಾಹೇಬರ ಟೈಂಪೀಸು. ಬಾಟಲಿ ತುಂಬಿ ಸುತ್ತಲಿನ ಕೊಳವೆಯಲ್ಲೂ ನೀರು ನಿಂತಿತ್ತು. ಲೋಟದಿಂದ ಲೋಟಕ್ಕೆ ಅಳೆದು, ಮಣ್ಣಿನ ಮೇಲೆ ಬೆರಳಿನಿಂದ ಗೆರೆ ಎಳೆದು ಎಣಿಸುತ್ತಿದ್ದಳು. ಮುಖದಲ್ಲಿ ಅಂಥ ಸಂತೋಷವನ್ನು ಹಿಂದಿನ ದಿನ ನಾನು ಕಂಡಿರಲಿಲ್ಲ.

"ಸಾಹೇಬ್ರು ಹೋದ ಮ್ಯಾಲೆ ಇಷ್ಟು ಮಳಿ ನಾ ಬರದಿಲ್ರಿ," ಎಂದಳು.

ನಿಂತಲ್ಲೇ ಹೇಳಿಬಿಟ್ಟೆ. ತಂಬಿಗೆ, ಬಾವಿ ನೀರು, ಪ್ರಸಾದ, ಎಲ್ಲ. ಅವಳು ಬಯ್ಯಲಿಲ್ಲ. ಕೈಯಲ್ಲಿದ್ದ ಲೋಟವನ್ನೂ ಪೂರ್ತಿ ಅಳೆದು, ಗೆರೆ ಎಳೆದು, ನೀರನ್ನು ಬೇವಿನ ಬುಡಕ್ಕೆ ಚೆಲ್ಲಿದಳು. ಒಳಗೆ ಹೋಗಿ ಪುಸ್ತಕ ತಂದು ಕಟ್ಟೆಯ ಮೇಲೆ ಬಿಡಿಸಿ ಕುಳಿತಳು. ಆ ದಿನದ ಖಾಲಿ ಸಾಲಿಗೆ ಸೀಸದ ಕಡ್ಡಿ ಒಯ್ದು ಹಿಂದಕ್ಕೆ ತೆಗೆದಳು.

ನನ್ನೊಳಗಿನ ಡೈರಿ ಪಂಡಿತ ಎದ್ದ. ಕೊಪ್ಪಳದಲ್ಲಿ ಎಷ್ಟಾಗಿದೆ ಎಂದು ಕೇಳಿ ಅದರ ಅಂದಾಜಿನ ಮೇಲೆ ಒಂದು ಅಂಕಿ ಹಾಕಿಬಿಡು, ಯಾರು ನೋಡುತ್ತಾರೆ ಎಂದೆ.

"ಕೊಪ್ಪಳದಾಗ ಬಂದದ್ದು ಕೊಪ್ಪಳದ್ದು," ಎಂದಳು.

ಹಾಗಾದರೆ ಖಾಲಿ ಬಿಡು ಎಂದೆ.

"ಖಾಲಿ ಬಿಟ್ರ ನೀಲವ್ವ ನೋಡ್ಲಿಲ್ಲ ಅಂತಾಕೈತಿ. ನಾ ನೋಡೀನಿ." ಸೀಸದ ಕಡ್ಡಿಯನ್ನು ನನ್ನ ಕಡೆ ಚಾಚಿದಳು. "ಗೊತ್ತಿಲ್ಲ ಅನ್ನೂದಕ್ಕ ಅಂಕಿ ಇಲ್ರಿ. ಅಕ್ಷರದಾಗ ಬರೀಬೇಕು, ನನಗ ಬರಂಗಿಲ್ಲ. ನೀವ ಬರೀರಿ. ಖರೇ ಬರೀರಿ."

ಕುಳಿತು ಬರೆದೆ. ನನ್ನ ಇಲಾಖಾ ಶೈಲಿಯಲ್ಲಿ, ಈ ದಿನ ಮಳೆ ಬಂದಿದ್ದು, ಪ್ರವಾಸಕ್ಕೆ ಬಂದ ರೈತರೊಬ್ಬರು ಮಾಪಕಕ್ಕೆ ನೀರೆರೆದ ಕಾರಣ ಪ್ರಮಾಣ ತಿಳಿದುಬಂದಿಲ್ಲ ಎಂದು. ಓದಿ ಹೇಳಿರಿ ಎಂದಳು. ಓದಿದೆ.

"ಆ ಅಜ್ಜ ತಾನಾಗೇ ಎರದನೇನ್ರಿ?" ಎಂದು ಕೇಳಿದಳು. "ಗದ್ದಿಗಿ ಅಂತ ಹೇಳಿದೋರು ಯಾರು?"

ಮೊದಲು ಬರೆದದ್ದನ್ನು ಹೊಡೆದುಹಾಕಿ ಮತ್ತೆ ಬರೆದೆ: 'ಮಳೆ ಬಂದಿದೆ. ನಾನು ರೈತರಿಗೆ ಇದು ಗದ್ದಿಗೆ ಎಂದು ಸುಳ್ಳು ಹೇಳಿದ್ದರಿಂದ ಮಾಪಕಕ್ಕೆ ನೀರೆರೆದಿದ್ದಾರೆ. ಎಷ್ಟು ಮಳೆ ಎಂದು ಗೊತ್ತಿಲ್ಲ.' ಕೆಳಗೆ ಹೆಸರು, ಹುದ್ದೆ, ಸಹಿ. ಓದಿ ಹೇಳಿದೆ. ಅವಳು ತಲೆಯಾಡಿಸಿ ಪುಸ್ತಕ ಮುಚ್ಚಿದಳು. ಜೋಳದ ರೊಟ್ಟಿ, ಪುಂಡಿಪಲ್ಲೆ ಕೊಟ್ಟಳು. ನಾನು ಉಣ್ಣುತ್ತಿರುವಾಗ ಒಮ್ಮೆ ಪುಸ್ತಕ ಬಿಡಿಸಿ ಆ ಸಾಲುಗಳನ್ನು ನೋಡಿ ಮತ್ತೆ ಮುಚ್ಚಿದ್ದು ನೆನಪಿದೆ.

ತಿಂಗಳ ಕೊನೆಗೆ ತಾಲೂಕು ಕಚೇರಿಯ ಗುಮಾಸ್ತ ಬಂದು ಮಳೆ ಪುಸ್ತಕವನ್ನು ನಕಲು ಮಾಡಿಕೊಂಡು ಹೋದ. ಅಂಕಿಗಳ ನಡುವೆ ಅಕ್ಷರ ಕಂಡು ಅದನ್ನೂ ನಿಷ್ಠೆಯಿಂದ ನಕಲು ಮಾಡಿದ್ದ. ಆ ಕಾಗದ ಮೇಜಿನಿಂದ ಮೇಜಿಗೆ ಇಳಿದು ಬಿಡಿಓ ಸಾಹೇಬರ ಬಳಿ ಬಂತು. ಅವರು ನನ್ನನ್ನು ಕರೆಸಿ, ಎದುರಿಗೆ ಎರಡು ಕಾಗದ ಜೋಡಿಸಿಟ್ಟರು. ಒಂದು ಆ ನಕಲು. ಇನ್ನೊಂದು ನನ್ನ ಡೈರಿ: ರೈತರು ಮಹತ್ವ ಮನಗಂಡರು, ಹವೆ ಒಣ.

"ಇದರಾಗ ಖರೆ ಯಾವುದು?" ಎಂದರು.

ನಕಲಿನ ಮೇಲೆ ಬೆರಳಿಟ್ಟೆ.

"ಮತ್ತ ಇದು?"

"ಅದು ಡೈರಿ ರೀ."

ಬಿಡಿಓ ಸಾಹೇಬರೂ ಗ್ರಾಮಸೇವಕರಾಗಿಯೇ ಮೇಲೆ ಬಂದವರೆಂದು ನಂತರ ಕೇಳಿದೆ. ಕೆಂಪು ಪೆನ್ಸಿಲ್ ತೆಗೆದು ಡೈರಿಯ ಅಂಚಿನಲ್ಲಿ ಬರೆದರು: 'ಹವೆಯ ಕಾಲಂ ಅನ್ನು ಇನ್ನು ಮುಂದೆ ಆಯಾ ದಿನ ಮುಗಿದ ಮೇಲೆ ತುಂಬತಕ್ಕದ್ದು.' ಅಷ್ಟೇ ಶಿಕ್ಷೆ. ಅದನ್ನು ಮಾತ್ರ ನಾನು ನಿವೃತ್ತಿಯವರೆಗೆ ಪಾಲಿಸಿದೆ. ಅಂದಿನಿಂದ ಪೂರ್ತಿ ಸತ್ಯವಂತನಾದೆ ಎಂದು ಬರೆದರೆ ಈ ಲೇಖನವೂ ಡೈರಿಯ ಜಾತಿಗೆ ಸೇರೀತು. ಆದರೆ ಹವೆ ಬರೆಯಲು ಸಂಜೆ ಹೊರಗೆ ಬಂದು ಆಕಾಶ ನೋಡಬೇಕಾಗುತ್ತಿತ್ತು. ಹೊರಗೆ ಬಂದ ಮೇಲೆ ಪಕ್ಕದ ಹೊಲವನ್ನೂ ನೋಡಿ ಬರುವ ರೂಢಿಯಾಯಿತು. ಸತ್ತ ರೈತರಿಗೆ ಸಲಹೆ ಕೊಡುವುದು ಬರಬರುತ್ತ ನಿಂತುಹೋಯಿತು.

ಆಮೇಲೆ ಪದ್ಧತಿ ಬದಲಾಯಿತು. ನಮ್ಮನ್ನು ಕೃಷಿ ಸಹಾಯಕರೆಂದು ಕರೆದರು. ಯಾವ ವಾರ ಯಾವ ಊರು ಎಂದು ಮೊದಲೇ ನಿಗದಿ ಮಾಡಿ ಪಟ್ಟಿ ಕೊಟ್ಟರು. ಅಂದರೆ ನಾನು ಕದ್ದು ಮಾಡುತ್ತಿದ್ದ ಕೆಲಸವನ್ನು ಸರ್ಕಾರವೇ ಅಚ್ಚು ಹಾಕಿಸಿ ಹಂಚಿತು. ನಾನು ಗಂಗಾವತಿಗೆ ಹೋದೆ, ಕಾಲುವೆಯ ಭತ್ತ ನೋಡಿದೆ, ತೆಲುಗು ನಾಲ್ಕು ಮಾತು ಕಲಿತೆ. ನೀರು ಅಳೆಯುವ ಅಗತ್ಯವೇ ಇಲ್ಲದಷ್ಟು ನೀರು ಇದ್ದ ಊರುಗಳಲ್ಲಿ ಕೆಲವು ವರ್ಷ ಕಳೆದೆ.

ಎಂಬತ್ತರ ದಶಕದ ಕೊನೆಗೆ ಕೊಪ್ಪಳಕ್ಕೆ ಬಂದಾಗ ಒಂದು ದಿನ ಇರಕಲ್ಲಗಡಕ್ಕೆ ಹೋದವನು ಹಾಗೆಯೇ ಹೊಲದ ಬಂಗಲೆಗೂ ಹೋದೆ. ಮನೆ ಹಾಗೇ ಇತ್ತು. ನೀಲವ್ವನ ಕಣ್ಣಿಗೆ ದಪ್ಪ ಕನ್ನಡಕ ಬಂದಿತ್ತು. ಗುರುತು ಹಿಡಿದಳು. ತೌಡಿನ ಸಾಹೇಬರಲ್ಲವೇ ಎಂದಳು. ಒಳಗಿಂದ ಹಳೆಯ ಪುಸ್ತಕ ತಂದು, ಸೊನ್ನೆಗಳ ಪುಟಗಳನ್ನು ಸರಸರ ಸರಿಸಿ, ಸರಿಯಾಗಿ ಆ ಹಾಳೆಗೆ ಬಂದು ಬೆರಳಿಟ್ಟಳು. ಅಂಚು ಕೈಯಾಡಿ ಆಡಿ ಕಪ್ಪಾಗಿತ್ತು. ಇದೊಂದೇ ಹಾಳೆ ಯಾಕೆ ಇಷ್ಟು ಸವೆದಿದೆ ಎಂದು ಕೇಳಿದೆ.

"ಓದಾಕ ಬರೋರು ಯಾರರ ಬಂದಾಗೆಲ್ಲ ಓದಿಸೀನ್ರಿ," ಎಂದಳು. "ಪ್ಯಾಟಿ ಮಂದಿ, ಸಾಲಿ ಮಾಸ್ತರು, ಪೋಸ್ಟಿನಂವ. ನೀವು ಅವತ್ತು ಓದಿ ಹೇಳಿದ್ದೇನೋ ಹೌದು. ಆದ್ರ ಬರದದ್ದು ಅದನ್ನ ಅಂತ ನನಗ ಹೆಂಗ ಗೊತ್ತಾಗಬೇಕು? ಎಲ್ಲಾರೂ ಒಂದ ನಮೂನಿ ಓದ್ಯಾರ."

ಪುಸ್ತಕ ಮುಚ್ಚಿ, ಎದ್ದು, ಸೊಂಟ ಹಿಡಿದುಕೊಂಡು ಒಳಗೆ ಇಡಲು ಹೋದಳು. ಮೂವತ್ತು ವರ್ಷ ಸರ್ಕಾರಕ್ಕೆ ದಿನಕ್ಕೊಂದು ಪುಟ ಬರೆದವನು ನಾನು. ಬರೆದದ್ದರಲ್ಲಿ ಯಾರಾದರೂ ಪರೀಕ್ಷೆ ಮಾಡಿ ಸರಿಯಿದೆ ಎಂದದ್ದು ಆ ಮೂರು ಸಾಲು ಮಾತ್ರ.